ಎಡಗೈಯ ಡಬ್ಬಿ

೧೯೪೧ರ ನಾಟಿಯ ಕಾಲ. ಉಬ್ರಾಣಿಯ ಹುಲಿಗೆಮ್ಮ ಹದಿನೆಂಟು ಆಳುಗಳಿಗೆ ಅನ್ನ ಬಸಿಯುತ್ತಿದ್ದಾಗ ಗಡಿಗೆ ಜಾರಿ, ಕುದಿಯುವ ಗಂಜಿ ಎರಡೂ ಮುಂಗೈ ಮೇಲೆ ಸುರಿಯಿತು. ಅಂದೂ ಆಳುಗಳು ಹೊತ್ತಿಗೆ ಸರಿಯಾಗಿ ಉಂಡರು, ಬಡಿಸಿದವಳು ಅವಳೇ.

ಗಾಯ ಮಾಯಿತು. ಕಲೆ ಮಾತ್ರ ದಪ್ಪಗಟ್ಟಿ ಮಣಿಕಟ್ಟನ್ನು ಬಿಗಿಯಿತು. ಬಲಗೈ ಅಗಲಿಸಿ ರೊಟ್ಟಿ ತಟ್ಟಲಾಗದು. ಅತ್ತೆ ಅಜ್ಜಮ್ಮ ಆಗಲೇ ಗೋವಿನಕೋವಿಯಲ್ಲಿ ಮಗನಿಗೆ ಇನ್ನೊಂದು ಹೆಣ್ಣು ವಿಚಾರಿಸಿದ್ದಳು.

ಸುಟ್ಟ ಕಲೆಗೆ ಹೊಸ ಮುಲಾಮು ಪರೀಕ್ಷಿಸುತ್ತಿದ್ದ ಡಾಕ್ಟರ್ ಜಯದೇವಪ್ಪ ಊರಿಗೆ ಬಂದದ್ದು ಆಗ. ಕೈ ಎಷ್ಟು ಬಾಗುತ್ತದೆಂದು ಅಳೆದು ಬರೆದುಕೊಂಡು ಎರಡು ಡಬ್ಬಿ ಕೊಟ್ಟರು. ಕೆಂಪು ಮುಚ್ಚಳದ್ದು ಎಡಗೈಗೆ, ಬಿಳಿಯದು ಬಲಗೈಗೆ. ಒಂದರಲ್ಲಷ್ಟೇ ಮುಲಾಮಿದೆ ಎಂದರು; ಯಾವುದರಲ್ಲಿ ಎಂದು ಹೇಳಲಿಲ್ಲ.

"ಎಡಗೈಗೆ ಯಾರಾದ್ರೂ ಒಳ್ಳೇದು ಕೊಡ್ತಾರೇನೇ?" ಎಂದಳು ಅಜ್ಜಮ್ಮ. "ಬಲಗೈದನ್ನೇ ಎರಡಕ್ಕೂ ಹಚ್ಚು."

ಹುಲಿಗೆಮ್ಮನಿಗೆ ಡಾಕ್ಟರ ಮೇಲೂ ಅನುಮಾನ, ಅತ್ತೆಯ ಮೇಲೂ ಅನುಮಾನ. ಅತ್ತೆಯ ಮೇಲೆ ತುಸು ಹೆಚ್ಚು. ಹಾಗಾಗಿ ಡಾಕ್ಟರು ಹೇಳಿದಂತೆಯೇ ಹಚ್ಚಿದಳು. ತಿಂಗಳಾಗುವಷ್ಟರಲ್ಲಿ ಎಡಗೈ ಸಡಿಲವಾಯಿತು. ರೊಟ್ಟಿ ತಟ್ಟುವ ಕೈ ಹಾಗೇ ಇತ್ತು. ಬಿಳಿ ಡಬ್ಬಿಯಲ್ಲಿರುವುದು ಬರೀ ಜಿಡ್ಡು ಎಂದು ಅವಳಿಗೆ ಖಾತ್ರಿಯಾಯಿತು. ಅಂದಿನಿಂದ, ಸಗಣಿ ಬಾಚಿ ಕೈ ತೊಳೆದ ಮೇಲೆ ಅತ್ತೆಯ ಕಣ್ಣಿಗೆ ಬೀಳದಂತೆ ಕೊಟ್ಟಿಗೆಯಲ್ಲೇ ನಿಂತು, ಕೆಂಪನ್ನು ಎರಡೂ ಕೈಗೆ ಹಚ್ಚತೊಡಗಿದಳು. ಮತ್ತೆ ರೊಟ್ಟಿ ತಟ್ಟಿದಳು. ಗೋವಿನಕೋವಿಯ ಮಾತು ನಿಂತಿತು.

ಮೂರನೇ ತಿಂಗಳು ಬಂದ ಡಾಕ್ಟರು ಅಳೆದು ಪುಸ್ತಕ ಮುಚ್ಚಿದರು. "ಎರಡೂ ಕೈ ಒಂದೇ ಥರ ಸಡಿಲಾಗಿವೆ, ತಾವಾಗೇ. ಅಂದ್ರೆ ಮುಲಾಮಿಂದ ಏನೂ ಆಗಿಲ್ಲ. ಇನ್ಯಾರಿಗೂ ಕೊಡೋದಿಲ್ಲ."

ಹಂಡೆಯ ನೀರಿಗೆ ಎರಡೂ ಕಾಲು ಸುಟ್ಟುಕೊಂಡ ಪಕ್ಕದ ಮನೆಯ ಗಾದ್ರಮ್ಮ ತನ್ನ ಸರದಿಗಾಗಿ ಹೊಸ್ತಿಲಲ್ಲಿ ಕೂತಿದ್ದಳು. ಹುಲಿಗೆಮ್ಮ ಅವಳ ಕಾಲು ನೋಡಿದಳು.

"ಬಲಗೈಗೂ ಕೆಂಪುದನ್ನೇ ಹಚ್ಚೀನ್ರಿ. ಎರಡು ತಿಂಗಳಾತು."

"ಪರೀಕ್ಷೆ ಕೆಡಿಸಿದ್ಯಲ್ಲಮ್ಮ."

"ನಿಮ್ಮನೆ ಅಮ್ಮಾರ ಕೈ ಹಿಂಗಾಗಿದ್ರೆ ಜಿಡ್ಡು ಹಚ್ಚಿ ನೋಡ್ತಾ ಕೂರ್ತಿದ್ರೇನ್ರಿ? ರೊಟ್ಟಿ ಯಾರು ತಟ್ಟೋರು?"

ಡಾಕ್ಟರು ಪುಸ್ತಕ ತೆರೆದು ಏನೋ ಬರೆದರು.

"ಏನು ಬರೆದ್ರಿ, ಓದ್ರಿ."

"ರೋಗಿ ಎರಡೂ ಕೈಗೆ ಕೆಂಪನ್ನೇ ಹಚ್ಚಿದ್ದಾಳೆ ಅಂತ."

"ಯಾಕೆ ಹಚ್ಚಿದ್ಲು ಅಂತಾನೂ ಬರೀರಿ."

ಅವರು ಬರೆದರೋ ಇಲ್ಲವೋ, ಓದಲು ಬಾರದ ಅವಳಿಗೆ ತಿಳಿಯಲಿಲ್ಲ. ಅವಳ ಡಬ್ಬಿಗಳನ್ನು ವಾಪಸು ಪಡೆದು, ಗಾದ್ರಮ್ಮನಿಗೂ ಕೆಂಪೊಂದು ಬಿಳಿಯೊಂದು ಕೊಟ್ಟು ಹೋದರು.

ಗಾಡಿ ಮರೆಯಾದ ಮೇಲೆ ಹುಲಿಗೆಮ್ಮ ಎಲೆಅಡಿಕೆ ಚೀಲದಿಂದ ಸುಣ್ಣದ ಡಬ್ಬಿ ತೆಗೆದಳು. ಡಾಕ್ಟರು ಬರುವ ಮುಂಚೆಯೇ ಅದರಲ್ಲಿ ಕೆಂಪು ಡಬ್ಬಿಯ ಮುಲಾಮು ತುಂಬಿಟ್ಟಿದ್ದಳು.

"ಬಿಳೀದನ್ನ ಗಾಡಿ ಅಚ್ಚಿಗೆ ಸವರು. ಕೆಂಪುದು ಸಾಲ್ದೇ ಹೋದ್ರೆ ಇದು ಐತೆ," ಎಂದಳು. "ಎರಡೂ ಕಾಲಿಗೆ ಹಚ್ಚು. ಕೇಳಿದ್ರೆ ಮಾತ್ರ ಖರೇನೇ ಹೇಳು."