ವಾತಾವರಣ ಅಳೆಯಲು ಬಂದ ದಿನ

ಮಧುರೆ ಹೋಬಳಿಯ ಪ್ರೌಢಶಾಲೆಯೊಂದರಲ್ಲಿ ನಾನು ವಿಜ್ಞಾನ ಪಾಠ ಮಾಡುತ್ತಿದ್ದಾಗ, ಬೆಂಗಳೂರಿನಿಂದ ಸಂಶೋಧನೆ ಮಾಡುವ ಹುಡುಗಿಯೊಬ್ಬಳು ಬಂದಳು. ಶಾಲೆಯ ವಾತಾವರಣ ಅಳೆಯಬೇಕಂತೆ. ನನಗೆ ನಗು ಬಂತು. ಬೆತ್ತ ಮುರಿದರೆ ಡಸ್ಟರ್ ಎಸೆಯುವ ಹೆಡ್ಮಾಸ್ಟರು ನಮ್ಮವರು. ವಾತಾವರಣ ಅಳೆಯಲು ಹಾಳೆ ಯಾಕೆ? ಹತ್ತನೇ ತರಗತಿಯ ಹುಡುಗರ ಬೆನ್ನು ನೋಡಿದ್ದರೆ ಸಾಕಿತ್ತು.

"ಹೆಸರು ಬರೀಬೇಡಿ, ನಿಮಗೆ ಅನ್ನಿಸಿದ್ದಕ್ಕೆ ಗುರುತು ಹಾಕಿ," ಎಂದು ಹುಡುಗಿ ಸ್ಟಾಫ್ ರೂಮಿನಲ್ಲಿ ನಮಗೆಲ್ಲ ಪ್ರಶ್ನೆಗಳ ಹಾಳೆ ಹಂಚಿದಳು. ಇಲಾಖೆಗೆ ಏನೇ ಮಾಹಿತಿ ಹೋಗಲಿ, ಹೆಡ್ಮಾಸ್ಟರು ಮೊದಲು ಬರೆಯುವುದು, ಉಳಿದವರು ಅದನ್ನೇ ನೋಡಿ ಇಳಿಸುವುದು ನಮ್ಮಲ್ಲಿ ರೂಢಿ. ಅವತ್ತೂ ಹಾಗೇ ಆಯಿತು. 'ಮುಖ್ಯೋಪಾಧ್ಯಾಯರು ಸಿಬ್ಬಂದಿಯನ್ನು ಗೌರವದಿಂದ ಕಾಣುತ್ತಾರೆಯೇ?' ಎಂಬ ಪ್ರಶ್ನೆಗೆ ಎಲ್ಲರದೂ 'ಯಾವಾಗಲೂ'. ನಾನು ಪೆನ್ನು ಮುಚ್ಚಿಟ್ಟು ಕೂತಿದ್ದೆ.

ಆ ವರ್ಷವಷ್ಟೇ ಅತಿಥಿ ಶಿಕ್ಷಕರಾಗಿ ಬಂದಿದ್ದ ಗಣಿತದ ಮೇಷ್ಟರಿಗೆ ಈ ರೂಢಿ ಗೊತ್ತಿರಲಿಲ್ಲ, ಪಾಪ. ಮೂಲೆಯಲ್ಲಿ ಕೂತು 'ಎಂದೂ ಇಲ್ಲ' ಎಂದು ಗುರುತು ಹಾಕಿ ಕೊಟ್ಟರು. ಹೆಡ್ಮಾಸ್ಟರು ಇಲಾಖೆ ಕಾಗದ ತಪಾಸಣೆ ಮಾಡುವವರ ಹಾಗೆ ಅದನ್ನು ಹುಡುಗಿಯ ಕೈಯಿಂದ ಕಿತ್ತುಕೊಂಡು ನೋಡಿದರು.

"ಏನ್ಲಾ ಇದು? ನನ್ ಸ್ಕೂಲಲ್ಲಿ ಅನ್ನ ತಿಂದು ನನ್ ಮೇಲೇ ಬರೀತೀಯಾ?"

ಕೊರಳಪಟ್ಟಿ ಹಿಡಿದು ಮೇಷ್ಟರನ್ನು ಬೀರುವಿಗೆ ಅಪ್ಪಳಿಸಿದರು. ಎಳೆದು ಮತ್ತೆ ಅಪ್ಪಳಿಸಿದರು. ತುಟಿ ಒಡೆದು ರಕ್ತ ಬಿಳಿ ಅಂಗಿಗೆ ಇಳಿಯಿತು. ಕೆನ್ನೆಗೆ ಬಾರಿಸಲು ಕೈ ಎತ್ತಿದಾಗ ನನ್ನ ಮೈಯೆಲ್ಲ ಉರಿದುಹೋಯಿತು. ಎರಡೂ ಕೈಯಲ್ಲಿ ಅವರ ಮಣಿಕಟ್ಟು ಹಿಡಿದೆ. ನನ್ನ ಉಗುರು ಅವರ ಚರ್ಮಕ್ಕೆ ಇಳಿದರೂ ಬಿಡಲಿಲ್ಲ.

"ಇನ್ನೊಂದ್ ಏಟು ಬಿದ್ರೆ ಈಗ್ಲೇ ಸ್ಟೇಷನ್‌ಗೆ ಹೋಗ್ತೀನಿ! ಏನಂದ್ಕೊಂಡಿದ್ದೀರಾ?"

ಉಳಿದವರು ಗೋಡೆ ನೋಡುತ್ತಿದ್ದರು, ಥೂ! ಹುಡುಗಿಯೇ ಮೇಷ್ಟರ ಹತ್ತಿರ ಬಂದು ಹೇಳಿದಳು, "ಸರ್, ಕಂಪ್ಲೇಂಟ್ ಕೊಡಿ. ನಾನೂ ಸಾಕ್ಷಿ ಹೇಳ್ತೀನಿ."

ಮೇಷ್ಟರು ನನ್ನ ಕಡೆ ತಿರುಗಿದರು. "ಬಿಟ್ಬಿಡಿ ಮೇಡಂ, ಕೈ ಮುಗೀತೀನಿ. ನಿಮ್ದು ಪರ್ಮನೆಂಟ್ ಕೆಲ್ಸ. ಬರೋ ಜೂನ್‌ನಲ್ಲಿ ನನ್ನ ಮತ್ತೆ ತಗೋಬೇಕಾದೋರು ಇವ್ರೇ."

ನನ್ನ ಕೈ ತಾನಾಗಿ ಸಡಿಲವಾಯಿತು. ಹೆಡ್ಮಾಸ್ಟರು ಮಣಿಕಟ್ಟು ಉಜ್ಜಿಕೊಳ್ಳುತ್ತಾ ಕುರ್ಚಿಗೆ ಹೋಗಿ ಕೂತರು. ಮೇಷ್ಟರು ಹುಡುಗಿಯ ಹತ್ತಿರ ಇನ್ನೊಂದು ಹಾಳೆ ಕೇಳಿ ತೆಗೆದುಕೊಂಡರು. ರಕ್ತ ಅದರ ಮೇಲೆ ತೊಟ್ಟಿಕ್ಕದಂತೆ ತುಟಿಗೆ ಕರವಸ್ತ್ರ ಒತ್ತಿಕೊಂಡು, 'ಯಾವಾಗಲೂ' ಎಂದು ಗುರುತು ಹಾಕತೊಡಗಿದರು.