ಯರ್ರಿಸ್ವಾಮಿ ಹಾಕದ ಸಹಿ

ಸೋಮವಾರ ಯರ್ರಿಸ್ವಾಮಿಯ ಶ್ರದ್ಧಾಂಜಲಿ ಸಭೆಯಲ್ಲಿ ಅವನ ಪ್ರಾಂಶುಪಾಲರು ಅವನನ್ನು ‘ವಿಧೇಯ ನೌಕರ’ ಎಂದು ಹೊಗಳಿದರು. ಸುಳ್ಳು. ವಿಧೇಯನಾಗಿದ್ದರೆ ಅವನ ಕೆಲಸ ಉಳಿಯುತ್ತಿತ್ತು. ಆ ಪ್ರಾಂಶುಪಾಲರ ಹೆಸರು ಬರೆಯಲು ನನ್ನ ಕೈ ಒಪ್ಪುವುದಿಲ್ಲ.

ಯರ್ರಿಸ್ವಾಮಿ ತಂಬ್ರಹಳ್ಳಿಯವನು. ಹಗರಿಬೊಮ್ಮನಹಳ್ಳಿಯ ಖಾಸಗಿ ಕಾಲೇಜೊಂದರಲ್ಲಿ ಹನ್ನೊಂದು ವರ್ಷ ಕಂಪ್ಯೂಟರ್ ಲ್ಯಾಬ್ ನೋಡಿಕೊಂಡ. ನಾನು ಕೊಟ್ಟೂರಿನ ಕಾಲೇಜಿನಲ್ಲಿ ಗಣಿತ ಹೇಳುವವನು. ಇಲ್ಲಿಯ ಲ್ಯಾಬಿನ ಕೀಲಿ ನನ್ನ ಬಳಿ ಇರುತ್ತದೆ. 2007ರ ಜನವರಿಯಲ್ಲಿ ಇಟ್ಟಿಗಿಯ ಅಮೃತಾ ಎಂಬ ಸಂಶೋಧನಾ ವಿದ್ಯಾರ್ಥಿನಿ, ತುಂಗಭದ್ರೆಯ ಹಿನ್ನೀರಿನಲ್ಲಿ ಹೂಳು ಎಲ್ಲೆಲ್ಲಿ ಕೂರುತ್ತದೆ ಎಂಬ ಲೆಕ್ಕ ಹಿಡಿದು ಅವನ ಬಳಿ ಬಂದಳು. ಒಂದೇ ಕಂಪ್ಯೂಟರಿಗೆ ಕೊಟ್ಟರೆ ಐದು ವರ್ಷದ ಕೆಲಸ. ಯರ್ರಿಸ್ವಾಮಿ ನನ್ನೆದುರಿಗೇ ತನ್ನ ಪ್ರಾಂಶುಪಾಲರ ಅನುಮತಿ ಕೇಳಿದ. “ಮಾಡಪಾ, ಕಾಲೇಜಿಗೆ ಹೆಸರು ಬರ್ತೈತಿ,” ಎಂದರು. ಬರವಣಿಗೆಯಲ್ಲಿ ಕೊಡಲಿಲ್ಲ.

ಅಲ್ಲಿಯ ಹದಿನೆಂಟು, ಇಲ್ಲಿಯ ಹನ್ನೆರಡು, ಒಟ್ಟು ಮೂವತ್ತು ಕಂಪ್ಯೂಟರುಗಳಿಗೆ ಅವನು ಆ ಲೆಕ್ಕವನ್ನು ತುಂಡು ಮಾಡಿ ಹಂಚಿದ. ಇಂಥ ಜೋಡಣೆಗೆ ಗ್ರಿಡ್ ಎನ್ನುತ್ತಾರೆ. ಒಂದೊಂದರೊಳಗೂ ತಂತ್ರಾಂಶದಿಂದಲೇ ಇನ್ನೊಂದು ಯಂತ್ರ ಕಟ್ಟಿದ, ವರ್ಚುವಲ್ ಯಂತ್ರ. ಲೆಕ್ಕ ಅದರೊಳಗೇ ನಡೆಯಬೇಕು, ಹುಡುಗರ ಕೆಲಸಕ್ಕೆ ತಾಗಬಾರದು. ತರಗತಿ ಇದ್ದಾಗ ಅದಕ್ಕೆ ಕಾಲುಪಾಲು ಮೆಮೊರಿ, ಲ್ಯಾಬ್ ಖಾಲಿಯಾದಾಗ ಮುಕ್ಕಾಲು.

ಕರೆಂಟು ಹೋಗುವ ಹೊತ್ತು ಎರಡು ಊರಿನಲ್ಲಿ ಬೇರೆ ಬೇರೆ. ಕಡಿತದ ವೇಳಾಪಟ್ಟಿಯನ್ನು ಅವನು ಗೋಡೆಗೆ ಅಂಟಿಸಿಕೊಂಡಿದ್ದ. ಅರ್ಧ ಗಂಟೆ ಮೊದಲೇ ವರ್ಚುವಲ್ ಯಂತ್ರಗಳನ್ನು ಇದ್ದ ಸ್ಥಿತಿಯಲ್ಲೇ ನಿಲ್ಲಿಸಿ, ಅವಸರದವನ್ನು ಹಾರ್ಡ್ ಡಿಸ್ಕಿಗೆ ಇಳಿಸಿ, ಟವೆಲ್ಲಿನಲ್ಲಿ ಸುತ್ತಿಕೊಂಡು ಕೊಟ್ಟೂರಿನ ಬಸ್ ಹತ್ತುತ್ತಿದ್ದ. ಇಲ್ಲಿ ಅವು ನಿಂತಲ್ಲಿಂದಲೇ ಮುಂದುವರಿಯುತ್ತಿದ್ದವು.

“ಬಸ್ ಕೆಟ್ರ ಮಂದಿ ವಾಪಸ್ ಮನಿಗೆ ಹೋಗ್ತಾರೇನಲೇ? ಇನ್ನೊಂದು ಬಸ್ ಹತ್ತತಾರ. ಲೆಕ್ಕಾನೂ ಹಂಗ. ಸೀಟ್ ಹಿಡಿಯೋದಷ್ಟ ನನ್ನ ಕೆಲಸ,” ಎನ್ನುತ್ತಿದ್ದ ಯರ್ರಿಸ್ವಾಮಿ.

ಮಾರ್ಚಿನಲ್ಲಿ ಉಪನ್ಯಾಸಕರೊಬ್ಬರ ಕಂಪ್ಯೂಟರಿಗೆ ವೈರಸ್ ಹೊಕ್ಕಿತು. ತಪ್ಪು ಯರ್ರಿಸ್ವಾಮಿಯ ತಲೆಗೆ ಬಂತು: ಕಾಲೇಜಿನ ಆಸ್ತಿಯನ್ನು ಹೊರಗಿನವರಿಗಾಗಿ ದುಡಿಸಿದ್ದಾನೆ, ವೈರಸ್ ಅದರಿಂದಲೇ ಬಂತು. ಅನುಮತಿ ಕೊಟ್ಟ ಬಾಯಿಯೇ ಕೊಟ್ಟಿಲ್ಲ ಎಂದಿತು. ನಾನು ವಿಚಾರಣೆಗೆ ಸಾಕ್ಷಿ ಹೇಳಲು ಹೋದರೆ, ನೀವು ಬೇರೆ ಕಾಲೇಜಿನವರು ಎಂದು ಬಾಗಿಲಲ್ಲೇ ನಿಲ್ಲಿಸಿದರು. ತಪ್ಪೊಪ್ಪಿಗೆ ಪತ್ರ ಟೈಪಾಗಿ ಸಿದ್ಧವಿತ್ತು. ಸಹಿ ಹಾಕಿದರೆ ಕೆಲಸ ಉಳಿಯುತ್ತದೆ. ಅವನು ಮೂರು ತಿಂಗಳ ಬಳಕೆಯ ದಾಖಲೆ ಒಯ್ದಿದ್ದ. ಒಂದು ಪ್ರಾಕ್ಟಿಕಲ್ಲೂ ತಡವಾಗಿರಲಿಲ್ಲ. ಒಬ್ಬರೂ ಪುಟ ತಿರುವಲಿಲ್ಲ.

ಅವನು ಸಹಿ ಹಾಕಲಿಲ್ಲ. ಅಂದೇ ಹೊರಗೆ ಹಾಕಿದರು, ಹದಿನೆಂಟು ಕಂಪ್ಯೂಟರುಗಳನ್ನೂ ಅಳಿಸಿದರು. ಡಿಸ್ಕಿನಲ್ಲಿ ಉಳಿದಿದ್ದ ಪ್ರತಿಗಳನ್ನು ತಂದು ಯರ್ರಿಸ್ವಾಮಿ ನಮ್ಮ ಹನ್ನೆರಡರ ಮೇಲೆ ಹಾಕಿದ. ಹನ್ನೆರಡನೆಯ ದಿನ ಹೃದಯ ನಿಂತು ಸತ್ತ. ಮೂವತ್ತಾರು ವರ್ಷ. ಅವಮಾನ ಕೊಂದಿತು ಎಂದು ಯಾವ ವೈದ್ಯನೂ ಬರೆದುಕೊಡುವುದಿಲ್ಲ. ನಾನು ಬರೆಯುತ್ತೇನೆ.

ಸಭೆ ಮುಗಿಸಿ ಪ್ರಾಂಶುಪಾಲರು ಅವನ ಮನೆಗೆ ಬಂದರು. ಅವನ ಹೆಂಡತಿ ದುರ್ಗಾದೇವಿಗೆ ಅಟೆಂಡರ್ ಕೆಲಸ ಕೊಡುತ್ತಾರಂತೆ. ಜೊತೆಗೆ ಆಕೆಯ ಸಹಿಗೊಂದು ಕಾಗದ: ತನ್ನ ಗಂಡ ಸಾಯುವ ಮುನ್ನ ತಪ್ಪೊಪ್ಪಿಕೊಂಡಿದ್ದ ಎಂದು. ಆಕೆ ಕೊನೆಯ ಸಾಲಿನವರೆಗೂ ಓದಿದರು.

“ನಿಮ್ಮ ಮುಂದ ಕುಂತು ಅವ ಹಾಕ್ಲಿಲ್ಲ. ಅವ ಸತ್ತಾನಂತ ನಾ ಹಾಕ್ಲೇನ್ರಿ?”

ಲೆಕ್ಕ ಇನ್ನೂ ಕೊಟ್ಟೂರಿನಲ್ಲಿ ನಡೆಯುತ್ತಿದೆ. ಒಂಬತ್ತು ದಿನದ್ದು ಬಾಕಿ. ನಾಳೆ ಹತ್ತಕ್ಕೆ ಕರೆಂಟು ಹೋಗುತ್ತದೆ, ಒಂಬತ್ತೂವರೆಗೆ ನಾನೇ ನಿಲ್ಲಿಸಬೇಕು. ನನಗೂ ನೋಟಿಸ್ ಬರಬಹುದು. ಬರಲಿ.