ಗುಂಡಿ ಮುಚ್ಚಿದ ಜಾಗ

ಆ ಹುಡುಗಿ ಎರಡನೇ ಸಲ ನಮ್ಮ ಮನೆಗೆ ಬಂದಾಗ ನನಗೆ ಎಪ್ಪತ್ತೊಂದು. ಈಗ್ಗೆ ನಾಲ್ಕು ವರ್ಷದ ಹಿಂದಿನ ಮಾತು. ಮೊದಲ ಸಲ ಬಂದದ್ದು ಅದಕ್ಕೂ ಒಂದೂವರೆ ವರ್ಷ ಮುಂಚೆ, ಬೇಸಗೆಯಲ್ಲಿ. ನಾನು ಸುಳ್ಳು ಹೇಳಿದ್ದು ಮೊದಲ ಸಲ. ಆ ಸುಳ್ಳು ಏನು ಮಾಡಿತು ಅಂತ ತಿಳಿದದ್ದು ಎರಡನೇ ಸಲ.

ನಮ್ಮದು ಕುಣಿಗಲ್ ತಾಲೂಕು, ಕೊತ್ತಗೆರೆ ಕಡೆಯ ಹಳ್ಳಿ. ಹುಡುಗಿ ಗುಬ್ಬಿಯವಳು, ತುಮಕೂರಿನ ಕಾಲೇಜಿನಲ್ಲಿ ದೊಡ್ಡ ಓದು ಓದುತ್ತಿದ್ದಳು. ಕೆರೆ ಬತ್ತಿತ್ತು. ಇಬ್ಬರು ಜೊತೆಗಾರರನ್ನೂ ಉದ್ದುದ್ದ ಪೈಪುಗಳನ್ನೂ ಕಟ್ಟಿಕೊಂಡು ಬಂದಿದ್ದಳು. ಕೆರೆ ವಿಷಯ ಕೇಳಬೇಕಾದರೆ ಆ ಅಜ್ಜಿಯನ್ನೇ ಕೇಳಿ ಅಂತ ಊರಿನವರು ನನ್ನ ಮನೆ ತೋರಿಸಿದ್ದರು. ಅದಕ್ಕೆ ನನಗೆ ಹೆಮ್ಮೆಯಾಯಿತು, ಇಲ್ಲ ಅನ್ನಲಾರೆ.

ನಾನೂ ನನ್ನ ನಾದಿನಿಯೂ ಜಗಲಿ ಮೇಲೆ ಹುಣಸೆಹಣ್ಣಿನ ಬೀಜ ಬಿಡಿಸುತ್ತಿದ್ದೆವು. ಹುಡುಗಿ ಚಪ್ಪಲಿ ಬಿಟ್ಟು ನಮ್ಮ ಜೊತೆಯೇ ಕೂತಳು. ತಾನೂ ನಾಲ್ಕು ಬೀಜ ಬಿಡಿಸುತ್ತಾ ಹೇಳಿದಳು.

"ಪ್ರತಿ ಮಳೆಗಾಲ ಕೆರೆ ತಳದಲ್ಲಿ ಒಂದೊಂದು ಪದರ ಮಣ್ಣು ಕೂರುತ್ತೆ ಅಜ್ಜಿ. ಅದ್ರಲ್ಲಿ ಆವತ್ತಿನ ಗಿಡಗಳ ಹೂವಿನ ಪುಡಿ ಸೇರ್ಕೊಂಡಿರುತ್ತೆ, ಅದು ಕೊಳೆಯೋದೇ ಇಲ್ಲ. ಯಾವ ಗಿಡ ಇತ್ತು ಅಂತ ಗೊತ್ತಾದ್ರೆ ಆವತ್ತು ಮಳೆ ಹೆಂಗಿತ್ತು, ಬರ ಇತ್ತಾ ಅಂತ ಹೇಳ್ಬೋದು. ಬೇರೆ ದೇಶದಲ್ಲಿ ಹುಲ್ಲು ಪಾಚಿ ಕೊಳೆತು ಕಪ್ಪಾಗಿರೋ ಜೌಗು ನೆಲದಲ್ಲಿ ಮಾಡ್ತಾರೆ. ನಮ್ ಕಡೆ ಅದೆಲ್ಲಿ? ನಮಗೆ ಕೆರೆನೇ ಗತಿ."

"ಹೋಗ್ಲಿ, ಮುಂದಿನ್ ವರ್ಸದ್ ಮಳೆ ಯೋಳು ತಾಯಿ," ಅಂದಳು ನಾದಿನಿ. "ಸತ್ತೋರ್ ಕಾಲದ್ ಮಳೆ ಕಟ್ಕಂಡು ಈಗ ಯಾವ ಹೊಲ ಉಳಾನ?"

ಹುಡುಗಿ ಗಟ್ಟಿಯಾಗಿ ನಕ್ಕಳು. ಆಮೇಲೆ ನನ್ನ ಕಡೆ ತಿರುಗಿ, "ಯಾರೂ ಯಾವತ್ತೂ ಅಗೆಯದ ಜಾಗ ಬೇಕು ಅಜ್ಜಿ. ಅಗೆದಿದ್ರೆ ಪದರ ಕಲಸಿಹೋಗಿರುತ್ತೆ," ಅಂದಳು.

ಇದು ನಮ್ಮೂರಲ್ಲಿ ಸುಲಭದ ಮಾತಲ್ಲ. ಕೆರೆ ಬತ್ತಿದಾಗಲೆಲ್ಲ ಮನೆಮನೆಯವರೂ ಗೋಡುಮಣ್ಣು ಎತ್ತಿ ಹೊಲಕ್ಕೆ ಹೊಡೆಯುತ್ತಾರೆ. ಆದರೂ ಒಂದು ಜಾಗ ಇತ್ತು. ಪಡುವಣ ಮೂಲೆಯಲ್ಲಿ ಕೆರೆಯಮ್ಮನ ಕಲ್ಲಿದೆ, ಅದರ ಸುತ್ತ ಒಂದು ಬುಟ್ಟಿ ಮಣ್ಣನ್ನೂ ಎತ್ತುವ ಪದ್ಧತಿ ಇಲ್ಲ. ಅಲ್ಲೇ ನಾನು ಮುಳ್ಳುಬೇಲಿ ಕಟ್ಟಿ ಸೌತೆಬಳ್ಳಿ ಹಾಕಿದ್ದೆ. ಮಣ್ಣು ಎತ್ತಬಾರದು ಅಂದಿದ್ದರು, ಬಳ್ಳಿ ಹಾಕಬಾರದು ಅಂತ ಯಾರೂ ಹೇಳಿರಲಿಲ್ಲ ಅನ್ನೋದು ನನ್ನ ವಾದ. ಜಾಗವಂತೂ ನನ್ನದಲ್ಲ, ಕೆರೆಯದು.

ಅವರ ಪೈಪು, ಅಳತೆ ಟೇಪು, ಫೋಟೋ ತೆಗೆಯೋದು ನೋಡಿ ನನಗೆ ಭಯವಾಯಿತು. ಬೇಲಿಯ ಫೋಟೋ ಯಾರ ಕೈಗೆ ಹೋಗುತ್ತದೋ, ಯಾವ ಸರ್ವೆಯವರು ಬರುತ್ತಾರೋ. ಹುಡುಗಿ ಸರ್ವೆಯವಳಲ್ಲ ಅಂತ ನನಗೆ ಚೆನ್ನಾಗಿ ಗೊತ್ತಿತ್ತು. ಆದರೂ ಅವಳನ್ನು ಕರೆದುಕೊಂಡು ಹೋಗಿ ಮೂಡಣ ದಿಕ್ಕಿನ ಬಯಲು ತೋರಿಸಿ, "ಇಲ್ಲಿ ಗುದ್ಲಿ ಬಿದ್ದಿಲ್ಲ ಮಗಾ," ಅಂದೆ.

ಅಲ್ಲಿ ಹಿಂದೆ ಇಟ್ಟಿಗೆಯವರು ತೋಡಿದ ದೊಡ್ಡ ಗುಂಡಿ ಇತ್ತು. ಅದರ ತಳದಲ್ಲಿ ನಾಲ್ಕೈದು ಮಳೆಗಾಲದ ಹೊಸ ಹೂಳು ಕೂತಿತ್ತು. ಒಂದು ಎಮ್ಮೆ ಬಿದ್ದು ಸತ್ತ ಮೇಲೆ ಊರಿನವರು ಗುಂಡಿ ಮುಚ್ಚಿಸಿದರು. ತೂಬಿನ ಮುಂದೆ ಆಳಕ್ಕೆ ಅಗೆದು ತೆಗೆದ, ಯಾವ ಕಾಲದ್ದೋ ಕರೀ ಮಣ್ಣನ್ನು ಅದಕ್ಕೆ ಸುರಿದರು. ನಾನು ಮದುವೆಯಾಗಿ ಬಂದ ಮೂರನೇ ವರ್ಷ ಅದು. ಬುಟ್ಟಿ ಹೊತ್ತವರಲ್ಲಿ ನಾನೂ ಇದ್ದೆ. ಅಂದರೆ ಹೊಸದು ಕೆಳಗೆ, ಹಳೆಯದು ಮೇಲೆ. ಆಮೇಲೆ ಎಷ್ಟೋ ಸಲ ಕೆರೆ ತುಂಬಿ ಬತ್ತಿ, ಮೇಲೆ ಕೂತ ಹೂಳನ್ನು ಜನ ಹೊಲಕ್ಕೆ ಹೊಡೆದು ಗುರುತೇ ಉಳಿದಿರಲಿಲ್ಲ.

ಹುಡುಗಿ ಮಧ್ಯಾಹ್ನದ ಬಿಸಿಲಲ್ಲಿ ಪೈಪುಗಳನ್ನು ಬಡಿದು ಇಳಿಸಿದಳು, ಎಳೆದಳು. ಒಂದೊಂದರ ಮೇಲೂ ಕಪ್ಪು ಪೆನ್ನಿನಲ್ಲಿ ಬಾಣ ಬರೆದು, 'ಮೇಲೆ', 'ಕೆಳಗೆ' ಅಂತ ಗುರುತು ಹಾಕಿದಳು. ಎರಡೆರಡು ಸಲ ನೋಡಿಕೊಂಡಳು. ನಾನು ಪಕ್ಕದಲ್ಲೇ ನಿಂತಿದ್ದೆ. ನಮ್ಮ ಮನೆಯಲ್ಲೇ ಮುದ್ದೆ ಉಂಡು, ನನ್ನ ಕಾಲಿಗೆ ನಮಸ್ಕಾರ ಮಾಡಿ ಹೋದಳು.

ಎರಡನೇ ಸಲ ಬಂದದ್ದು ದೀಪಾವಳಿ ಕಳೆದ ಮೇಲೆ. ಕೆರೆ ತುಂಬಿತ್ತು. ಒಬ್ಬಳೇ ಬಂದಿದ್ದಳು, ಇಳಿದುಹೋಗಿದ್ದಳು.

"ಅಜ್ಜಿ, ಪರೀಕ್ಷೆ ಮಾಡ್ಸಿದ್ರೆ ಮೇಲಿನ ಮಣ್ಣು ಹಳೇದು ಅಂತ ಬರ್ತಿದೆ, ಕೆಳಗಿಂದು ಹೊಸದು. ಎರಡು ಸಲ ಮಾಡಿದೆ, ಹಂಗೇ ಬಂತು. ನಾನು ಪೈಪು ತಲೆಕೆಳಗು ಮಾಡಿದೀನಿ ಅಂತಾರೆ ನಮ್ ಸರ್. ಎಲ್ಲರ ಮುಂದೆ ಬೈದ್ರು. ಕೆಲಸ ಬೇರೆಯವರಿಗೆ ಕೊಡ್ತಾರಂತೆ." ಜಗಲಿ ಮೇಲೆ ಕೂತು, "ನನಗೂ ಹಂಗೇ ಅನ್ನಿಸ್ತಿದೆ ಈಗ. ನಾನೇ ಎಲ್ಲೋ ತಪ್ಪಿದ್ನೇನೋ. ಒಂದ್ಸಲ ನೆನಪು ಮಾಡ್ಕೊಳಿ, ಅಲ್ಲಿ ಯಾರಾದ್ರೂ ಅಗೆದಿದ್ರಾ?" ಅಂದಳು.

ಹೇಳಲು ಅದೇ ಸಮಯ. ಬಾಯಿಗೆ ಬಂತು. ನನ್ನ ಮಾತನ್ನು ಅಷ್ಟು ನಂಬಿ ಕೂತವಳ ಮುಖ ನೋಡಿ ಅದನ್ನು ನುಂಗಿಕೊಂಡೆ.

"ಇಲ್ಲ ಕಣ್ ಮಗಾ," ಅಂದೆ. ಒಂದು ಲೋಟ ಮಜ್ಜಿಗೆ ಕೊಟ್ಟೆ. ಕುಡಿದು, ಲೋಟ ತೊಳೆದಿಟ್ಟು, ಬಸ್ಸಿಗೆ ಹೋದಳು. ಅವಳ ಬೆನ್ನು ಮರೆಯಾಗುವವರೆಗೂ ನೋಡಿದೆ, ಕೂಗಲಿಲ್ಲ.

ನಾದಿನಿ ಒಳಗಿಂದ ಬಂದಳು. ಗುಂಡಿ ಮುಚ್ಚಿದಾಗ ಅವಳು ಲಂಗ ಹಾಕುತ್ತಿದ್ದ ಹುಡುಗಿ, ಎಲ್ಲ ನೋಡಿದವಳು.

"ಸುಳ್ಳು ಯೋಳ್ದೆ ಸರಿ. ಮ್ಯಾಲೆ ಮಜ್ಜಿಗೆ ಬ್ಯಾರೆ ಕೊಟ್ಯಲ್ಲ ಅತ್ತಿಗೆ!"

"ನಿಂಗೂ ಗೊತ್ತಿತ್ತಲ್ಲೇ. ನೀನ್ಯಾಕೆ ಬಾಯ್ ಬಿಡ್ಲಿಲ್ಲ?"

"ನಿನ್ ಸುಳ್ಳು ನೀನ್ ಯೋಳ್ಕೋ. ನಾನ್ಯಾಕೆ ಯೋಳ್ಲಿ? ಆ ಮೇಷ್ಟ್ರು ಗೊತ್ತಿಲ್ದೆ ಬೈದವ್ರೆ. ನೀನು ಗೊತ್ತಿದ್ದು ಬೈಸ್ತಾ ಕುಂತಿದೀಯ."

ಸುಳ್ಳನ್ನು ಮೊದಲೂ ಹೇಳಿದ್ದೇನೆ, ದನ ಮಾರುವಾಗ, ಸಂಬಂಧ ಕುದುರಿಸುವಾಗ. ಆ ಕಡೆಯವರೂ ಹೇಳುತ್ತಾರೆ, ಸರಿಹೋಗುತ್ತದೆ. ಈ ಹುಡುಗಿ ಒಂದು ಸುಳ್ಳೂ ಹೇಳಿರಲಿಲ್ಲ. ನಾನು ಹೇಳಿದ್ದನ್ನು ನಂಬಿ ತನ್ನನ್ನೇ ಅನುಮಾನಿಸುತ್ತಿದ್ದಳು. ಅದಕ್ಕೆ ನನಗೆ ಕೆಟ್ಟ ನಾಚಿಕೆಯಾಯಿತು. ಆ ಸಂಜೆ ನಾದಿನಿ ಮುಖ ನೋಡದೆ ಉಂಡೆ.

ಮಾರನೇ ಬೆಳಿಗ್ಗೆ ಮೊದಲ ಬಸ್ಸಿಗೆ ಕುಣಿಗಲ್ಲಿಗೆ ಹೋಗಿ, ಅಲ್ಲಿಂದ ತುಮಕೂರಿಗೆ ಹೋದೆ. ಕಾಲೇಜಿನಲ್ಲಿ ಕೆರೆಮಣ್ಣು ನೋಡುವವರು ಎಲ್ಲಿ ಅಂತ ಮೂರು ಕಡೆ ಕೇಳಿದೆ. ಮೇಷ್ಟರು ಮೇಜಿನ ಹಿಂದೆ ಇದ್ದರು, ಸುತ್ತ ನಾಲ್ಕೈದು ಜನ ಓದುವ ಹುಡುಗರು. ಹುಡುಗಿ ಕಿಟಕಿ ಹತ್ತಿರ ಇದ್ದಳು, ನನ್ನನ್ನು ನೋಡಿ ಎದ್ದು ನಿಂತಳು.

"ಈ ಮಗಿನ್ ತಪ್ಪಿಲ್ಲ ಸ್ವಾಮಿ. ಅದು ಗುಂಡಿ ಮುಚ್ಚಿದ್ ಜಾಗ. ಹಳೇ ಮಣ್ಣು ಮ್ಯಾಲೆ ಸುರ್ದೋರು ನಾವು. ಇವ್ಳು ಪೈಪಿನ್ ಮ್ಯಾಲೆ ಗುರುತು ಹಾಕಿದ್ದು ನಾನೇ ನೋಡಿವ್ನಿ, ಸರಿಯಾಗೇ ಹಾಕವ್ಳೆ."

"ಆವತ್ತು ಯಾಕಜ್ಜಿ ಹೇಳ್ಲಿಲ್ಲ?" ಅಂದರು ಮೇಷ್ಟರು.

"ಒಳ್ಳೇ ಜಾಗ್ದಲ್ಲಿ ನನ್ ಸೌತೆಬಳ್ಳಿ ಇತ್ತು. ಕೆರೆ ಒತ್ತುವರಿ ಮಾಡಿದ್ದೆ."

"ಸರಿ. ನಿನ್ನೆ ಯಾಕೆ ಹೇಳ್ಲಿಲ್ಲ?"

"ನಿನ್ನೆಗೆ ಕಾರಣ ಇಲ್ಲ ಸ್ವಾಮಿ. ನಾಚ್ಕೆ, ಅಷ್ಟೇ."

ಹುಡುಗಿ ಕಿಟಕಿ ಕಡೆ ತಿರುಗಿದಳು. ಈ ಸಲ ಅಜ್ಜಿ ಅಂತ ಕರೆಯಲಿಲ್ಲ. ಮೇಷ್ಟರು, ಇದನ್ನು ಬರೆದುಕೊಡುತ್ತೀರಾ ಅಂತ ಕೇಳಿದರು. ನೀವು ಹೇಳಿ ನಾನು ಬರೆಯುತ್ತೇನೆ ಅಂತ ಆ ಹುಡುಗರಲ್ಲೊಬ್ಬ ಪೆನ್ನು ತೆಗೆದ. ಬೇಡ ಅಂದೆ. ನನ್ನ ಅಕ್ಷರ ಕೋಳಿ ಕೆದರಿದ ಹಾಗೆ. ಆದರೂ ಕಾಗದ ಇಸಿದುಕೊಂಡು ನಾನೇ ಬರೆದೆ, ಎಂಟು ಸಾಲು. ಬಹಳ ಹೊತ್ತು ಹಿಡಿಯಿತು. ಅಷ್ಟು ಹೊತ್ತೂ ಎಲ್ಲರೂ ನನ್ನ ಕೈಯನ್ನೇ ನೋಡುತ್ತಾ ನಿಂತಿದ್ದರು.